ಗೃಹವಿಚಾರ: ಕಾರಿನಲ್ಲಿ ಮಗುವಿನ ಮುಖ ಎತ್ತ ಕಡೆಗಿರಬೇಕು?

ತೊಟ್ಟಿಲನ್ನು ಎಲ್ಲಿ ಕಟ್ಟಬೇಕೆಂಬ ವಿಷಯದಲ್ಲಿ ನಮ್ಮ ಹಿರಿಯರು ಎಷ್ಟೋ ವಿಚಾರ ಮಾಡುತ್ತಿದ್ದರು. ಗಾಳಿಯ ಬೀಸು, ಒಲೆಯ ಹೊಗೆ, ಮೇಲಿನ ತೊಲೆಯ ಗಟ್ಟಿತನ ಇವೆಲ್ಲವನ್ನೂ ನೋಡಿ, ಹಗ್ಗವನ್ನು ಎರಡು ಬಾರಿ ಜಗ್ಗಿ ಪರೀಕ್ಷಿಸಿದ ಮೇಲೆಯೇ ಕೂಸನ್ನು ಅದರಲ್ಲಿ ಮಲಗಿಸುವುದು ವಾಡಿಕೆಯಾಗಿತ್ತು. ಈ ಕಾಲದ ಕೂಸಿಗೆ ಇನ್ನೊಂದು ತೊಟ್ಟಿಲು ಒದಗಿದೆ. ಅದು ಗಂಟೆಗೆ 50, 60 ಕಿಲೋಮೀಟರ್ ವೇಗದಿಂದ ಓಡುವ ತೊಟ್ಟಿಲು. ಅದರ ಕಟ್ಟನ್ನು ಪರೀಕ್ಷಿಸುವವರು ಮಾತ್ರ ವಿರಳ.

ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಸುತ್ತಿನ ಮನೆಗಳಲ್ಲಿ ಮಗುವಿನ ಮೊದಲ ಪ್ರಯಾಣವು ಇಂದು ಬಹುಮಟ್ಟಿಗೆ ಕಾರಿನಲ್ಲಿಯೇ ಆಗುತ್ತದೆ. ಮಂಗಳೂರಿನ ಆಸ್ಪತ್ರೆಯಿಂದ ತವರುಮನೆಗೆ, ಬಾಣಂತನ ಮುಗಿದ ಮೇಲೆ ಗಂಡನ ಮನೆಗೆ, ಹರಕೆಯ ನೆವದಿಂದ ಧರ್ಮಸ್ಥಳಕ್ಕೆ, ಹೀಗೆ ವರ್ಷ ತುಂಬುವುದರೊಳಗೆ ಅದು ನೂರಾರು ಮೈಲು ಸಂಚರಿಸಿರುತ್ತದೆ. ಆ ದಾರಿಗಳಾದರೂ ಎಂಥವು! ರಾಷ್ಟ್ರೀಯ ಹೆದ್ದಾರಿ 75 ಬಿ.ಸಿ. ರೋಡಿನ ಮೂಲಕ ಶಿರಾಡಿಯ ಕಡೆಗೆ ಸಾಗುವುದು. 73 ಬೆಳ್ತಂಗಡಿ, ಉಜಿರೆಗಳನ್ನು ಹಾದು ಚಾರ್ಮಾಡಿ ಘಾಟಿಯನ್ನೇರುವುದು. 169 ಮೂಡಬಿದಿರೆಯನ್ನು ಹಾದು ಕಾರ್ಕಳಕ್ಕೆ ಹೋಗುವುದು. ತುಂಬಿದ ಲಾರಿಗಳೂ ಅವಸರದ ಬಸ್ಸುಗಳೂ ಮಳೆಗಾಲದ ಜಾರುವ ತಿರುವುಗಳೂ ಈ ಮೂರರಲ್ಲಿಯೂ ಉಂಟು. ಆದುದರಿಂದ ಮಗುವನ್ನು ಕಾರಿನಲ್ಲಿ ಹೇಗೆ ಕೂರಿಸಬೇಕು, ಅದರ ಮುಖವನ್ನು ಎಂದು ಮುಂದಕ್ಕೆ ತಿರುಗಿಸಬೇಕು ಎಂಬ ಪ್ರಶ್ನೆಯನ್ನು ಈ ತಿಂಗಳು ವಿಚಾರಕ್ಕೆ ತೆಗೆದುಕೊಂಡಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ತಿರುಗಿಸಲು ಅವಸರಪಡಕೂಡದು. ಆಸನವು ಎಲ್ಲಿಯ ತನಕ ಒಪ್ಪುತ್ತದೆಯೋ ಅಲ್ಲಿಯ ತನಕ ಮಗು ಹಿಮ್ಮುಖವಾಗಿಯೇ, ಎಂದರೆ ಕಾರಿನ ಹಿಂಬದಿಗೆ ಮುಖಮಾಡಿಯೇ, ಕುಳಿತಿರಲಿ.

ಮೊದಲು ಮಡಿಲಿನ ಮಾತು. ತಾಯಿಯ ಮಡಿಲಿಗಿಂತ ಭದ್ರವಾದ ಸ್ಥಳ ಬೇರೆಯಿಲ್ಲವೆಂದು ಮನೆಯ ಅಜ್ಜಿಯರು ಹೇಳುವುದುಂಟು. ಮನೆಯ ಜಗಲಿಯಲ್ಲಿ ಅದು ನಿಜ. ಓಡುವ ಕಾರಿನಲ್ಲಿ ನಿಜವಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದ ಗಾಡಿಯು ಢಿಕ್ಕಿ ಹೊಡೆದು ನಿಂತಾಗ ಒಳಗಿದ್ದವರಿಗೆ ತಗಲುವ ಪೆಟ್ಟು, ಸುಮಾರು 10 ಮೀಟರ್ ಎತ್ತರದ ಅಡಿಕೆಮರದ ತಲೆಯಿಂದ ನೆಲಕ್ಕೆ ಬಿದ್ದ ಪೆಟ್ಟಿಗೆ ಸಮ. ಗಾಡಿಯು ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ನಿಂತಿತೆನ್ನೋಣ. 10 ಕಿಲೋ ತೂಕದ ಮಗು ಆಗ 140 ಕಿಲೋ ಭಾರದಷ್ಟು ಬಲದಿಂದ ಮುಂದಕ್ಕೆ ಸೆಳೆಯಲ್ಪಡುತ್ತದೆ. ಮೂರು ಮೂಟೆ ಅಕ್ಕಿಗೆ ಸ್ವಲ್ಪವೇ ಕಡಿಮೆಯಾದ ಈ ಭಾರವನ್ನು ಯಾವ ತಾಯಿಯ ತೋಳು ಹಿಡಿದೀತು? ಪ್ರೀತಿ ಎಷ್ಟೇ ಇದ್ದರೂ ಕೈಗೆ ಅಷ್ಟು ಬಲವಿಲ್ಲ. ತಾಯಿಮಗುವನ್ನು ಒಂದೇ ಸೀಟ್ ಬೆಲ್ಟಿನಿಂದ ಬಿಗಿಯುವುದು ಇನ್ನೂ ಕೇಡು. ಆಗ ತಾಯಿಯ ಮೈಭಾರವೆಲ್ಲ ಬೆಲ್ಟಿಗೂ ತನಗೂ ನಡುವೆ ಸಿಕ್ಕಿದ ಮಗುವಿನ ಮೇಲೆಯೇ ಬೀಳುವುದು. ಆದುದರಿಂದ ಮಗುವಿಗೆ ಅದರದೇ ಆದ ಆಸನವು ಬೇಕು. ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ಸೇರಿಸಿದ 194-ಬಿ ಕಲಮು ಕೂಡ 14 ವರ್ಷ ತುಂಬದ ಮಕ್ಕಳನ್ನು ಬೆಲ್ಟಿನಿಂದಾಗಲಿ ಮಕ್ಕಳ ಆಸನದಿಂದಾಗಲಿ ಭದ್ರಪಡಿಸದೆ ಒಯ್ಯುವವರಿಗೆ 1000 ರೂಪಾಯಿ ದಂಡವನ್ನು ಹೇಳಿದೆ. ದಂಡದ ಭಯಕ್ಕಿಂತ ಮಗುವಿನ ಪ್ರಾಣವು ದೊಡ್ಡದೆಂಬುದನ್ನು ನಾವು ಹೇಳಬೇಕಾಗಿಲ್ಲ.

ಇನ್ನು ಮುಖದ ವಿಚಾರ. ಹುಟ್ಟಿದ ಕೂಸಿನ ತಲೆಯು ಅದರ ಮೈಯುದ್ದದ ನಾಲ್ಕನೆಯ ಒಂದು ಪಾಲಿನಷ್ಟಿರುತ್ತದೆ. ಬೆಳೆದವರಲ್ಲಿ ಅದು ಎಂಟನೆಯ ಒಂದು ಪಾಲಿಗೆ ಸಮೀಪ. ಅಂದರೆ ತೆಳ್ಳಗಿನ ಕಾಂಡದ ಮೇಲೆ ದೊಡ್ಡ ಹಣ್ಣನ್ನು ನಿಲ್ಲಿಸಿದ ಹಾಗೆ. ಆ ಕಾಂಡವೂ ಬಲಿತದ್ದಲ್ಲ. ಎಳೆಯ ಮಗುವಿನ ಕುತ್ತಿಗೆಯ ಎಲುಬುಗಳು ಒಂದೊಂದೂ ಬಿಡಿ ತುಂಡುಗಳಾಗಿದ್ದು ಮೆತ್ತನೆಯ ಮೃದ್ವಸ್ಥಿಯಿಂದ ಕೂಡಿಕೊಂಡಿರುತ್ತವೆ. ಅವು ಪೂರ್ತಿಯಾಗಿ ಒಂದಾಗಿ ಗಟ್ಟಿಯಾಗಲು ಕೆಲವು ವರ್ಷಗಳೇ ಬೇಕು. ಮುಮ್ಮುಖವಾಗಿ ಕುಳಿತ ಮಗುವಿನ ಎದೆಯನ್ನು ಪಟ್ಟಿಗಳು ಹಿಡಿದು ನಿಲ್ಲಿಸಿದರೂ ತಲೆಯನ್ನು ಹಿಡಿಯುವವರಿಲ್ಲ. ಅದು ಮುಂದಕ್ಕೆ ಚಿಮ್ಮುವುದು, ಅದರ ಭಾರವನ್ನೆಲ್ಲ ಆ ಎಳೆಯ ಕುತ್ತಿಗೆಯೇ ಹೊರಬೇಕಾಗುವುದು. ಹಿಮ್ಮುಖವಾಗಿ ಕುಳಿತ ಮಗುವಾದರೋ ಅದೇ ಹೊತ್ತಿಗೆ ಆಸನದ ಬೆನ್ನಿಗೆ ಒತ್ತಿಕೊಳ್ಳುವುದು. ತಲೆ, ಕುತ್ತಿಗೆ, ಬೆನ್ನು ಮೂರನ್ನೂ ಅಂಗೈಯಲ್ಲಿ ತಾಳಿಕೊಂಡಂತೆ ಆಸನವೇ ತಾಳಿಕೊಳ್ಳುವುದು. ಹುಟ್ಟಿದ ಕೂಸನ್ನು ಎತ್ತಿಕೊಳ್ಳುವಾಗ ಕತ್ತಿನ ಹಿಂದೆ ಕೈಯಿಡಬೇಕೆಂದು ಅಜ್ಜಿಯು ಸೊಸೆಗೆ ಕಲಿಸುವ ಪಾಠವೂ ಇದೇ.

ಈ ವಿಚಾರವು ನಿನ್ನೆ ಇಂದಿನದಲ್ಲ. ಸ್ವೀಡನ್ ದೇಶದ ಬರ್ಟಿಲ್ ಆಲ್ಡ್‌ಮನ್ ಎಂಬ ವಿದ್ವಾಂಸರು 1964ರಲ್ಲಿ ಹಿಮ್ಮುಖ ಆಸನದ ಮಾದರಿಯನ್ನು ಪರೀಕ್ಷಿಸಿದರು. ಗಗನಯಾತ್ರಿಗಳು ರಾಕೆಟಿನ ನೆಗೆತವನ್ನು ಬೆನ್ನಿನಿಂದ ತಾಳಿಕೊಳ್ಳುವಂತೆ ಒರಗಿರುವುದನ್ನು ನೋಡಿ ಅವರಿಗೆ ಈ ಯೋಚನೆ ಹೊಳೆಯಿತು. ಆ ದೇಶದಲ್ಲಿ ಮಕ್ಕಳು ನಾಲ್ಕು ವರ್ಷದ ತನಕವೂ ಹಿಮ್ಮುಖವಾಗಿ ಕೂರುವುದು ರೂಢಿಯಾಗಿದೆ. ಅಮೇರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2011ರಲ್ಲಿ ಎರಡು ವರ್ಷದ ತನಕ ಎಂದಿತ್ತು. 2018ರಲ್ಲಿ ವಯಸ್ಸಿನ ಗಡಿಯನ್ನೇ ಬಿಟ್ಟು, ಆಸನದ ತೂಕ ಮತ್ತು ಎತ್ತರದ ಮಿತಿ ಮುಟ್ಟುವ ತನಕ ಎಂದು ತಿದ್ದಿತು. ಯೂರೋಪಿನ ಆರ್ 129 ಎಂಬ ನಿಯಮವು 15 ತಿಂಗಳು ತುಂಬುವ ಮುನ್ನ ಮಗುವನ್ನು ಮುಂದಕ್ಕೆ ತಿರುಗಿಸಲೇಬಾರದೆನ್ನುತ್ತದೆ. ಈ 15 ತಿಂಗಳು ಕನಿಷ್ಠದ ಗಡಿಯೇ ಹೊರತು ತಿರುಗಿಸಲು ಮುಹೂರ್ತವಲ್ಲ.

ನಮ್ಮ ಗೃಹಸ್ಥರು ಎಡವುವ ಸ್ಥಳ ಒಂದುಂಟು. ಅದನ್ನು ವಿಶೇಷವಾಗಿ ಗಮನಿಸಬೇಕು. ತೂಕವನ್ನು ಅಳತೆಯಾಗಿಟ್ಟುಕೊಂಡ ಆರ್ 44 ಎಂಬ ಹಳೆಯ ನಿಯಮದಂತೆ ಮಾಡಿದ, ಎರಡೂ ಕಡೆಗೆ ತಿರುಗುವ ಆಸನಗಳ ಮೇಲೆ, ಹಿಮ್ಮುಖಕ್ಕೆ 13 ಕಿಲೋ ತನಕ, ಮುಮ್ಮುಖಕ್ಕೆ 9ರಿಂದ 18 ಕಿಲೋ ಎಂದು ಬರೆದಿರುವುದು ಸಾಮಾನ್ಯ. ಇದನ್ನೋದಿದ ತಂದೆಯು ಮಗು 9 ಕಿಲೋ ತೂಗಿದ ದಿನವೇ ಆಸನವನ್ನು ತಿರುಗಿಸಿಬಿಡುತ್ತಾನೆ. ಪುಷ್ಟಿಯಾದ ಮಗು ವರ್ಷ ತುಂಬುವುದಕ್ಕೆ ಮೊದಲೇ 9 ಕಿಲೋ ಆಗುವುದುಂಟು. ಅದರ ಕುತ್ತಿಗೆ ಮಾತ್ರ ಇನ್ನೂ ಹಸುಗೂಸಿನದೇ. 9 ಎಂಬುದು ತಿರುಗಿಸಲು ಕೊಟ್ಟ ಅಪ್ಪಣೆಯಲ್ಲ, ಅದಕ್ಕೂ ಮುಂಚೆ ಕೂಡದೆಂಬ ನಿಷೇಧ. ನಾವು ನೋಡಬೇಕಾದ ಅಂಕೆ 13. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯಂತೆ ಎರಡು ವರ್ಷ ತುಂಬಿದ ನಡುಮಟ್ಟದ ಗಂಡುಮಗುವಿನ ತೂಕ 12.2 ಕಿಲೋ, ಹೆಣ್ಣುಮಗುವಿನದು 11.5 ಕಿಲೋ. ಎಂದ ಮೇಲೆ ಮನೆಯಲ್ಲಿರುವ ಸಾಧಾರಣ ಆಸನದಲ್ಲಿಯೇ ಹೆಚ್ಚಿನ ಮಕ್ಕಳು ತೂಕದ ಮಟ್ಟಿಗೆ ಎರಡು ವರ್ಷ ದಾಟುವ ತನಕ ಹಿಮ್ಮುಖವಾಗಿ ಕೂರಬಹುದು, ಹೊಸ ಖರ್ಚಿಲ್ಲ. ತೂಕದೊಡನೆ ಎತ್ತರವನ್ನೂ ನೋಡತಕ್ಕದ್ದು. ಮಗುವಿನ ನೆತ್ತಿಯಿಂದ ಆಸನದ ಮೇಲಂಚಿಗೆ ಒಂದು ಅಂಗುಲಕ್ಕಿಂತ ಕಡಿಮೆ ಜಾಗ ಉಳಿದರೆ ಆ ಆಸನದಲ್ಲಿ ಹಿಮ್ಮುಖದ ಕಾಲ ಮುಗಿಯಿತೆಂದು ತಿಳಿಯಬೇಕು. ಇದರಲ್ಲಿ ಆಸನದೊಡನೆ ಬಂದ ಪುಸ್ತಕದ ಮಾತೇ ಪ್ರಮಾಣ.

ಹೊಸ ಆಸನವನ್ನು ಕೊಳ್ಳುವವರಿಗೆ ಕೆಲವು ಸೂಚನೆಗಳು. ಹಿಡಿಯಿರುವ ಬುಟ್ಟಿಯಂಥ ಆಸನವು ಹಸುಗೂಸಿಗೆ ಅನುಕೂಲವಾದರೂ ಬೇಗನೆ ಸಣ್ಣದಾಗುವುದು. ಒಂದನ್ನೇ ಕೊಳ್ಳತಕ್ಕವರು ಎರಡೂ ಕಡೆಗೆ ತಿರುಗುವ ಆಸನವನ್ನು, ಅದರಲ್ಲಿಯೂ ಹಿಮ್ಮುಖದ ಮಿತಿ ಹೆಚ್ಚಾಗಿರುವುದನ್ನು ಆರಿಸುವುದು ಲೇಸು. ಯೂರೋಪಿನ ಆರ್ 44 ಅಥವಾ ಆರ್ 129, ಇಲ್ಲವೆ ನಮ್ಮ ದೇಶದ ಎ.ಐ.ಎಸ್. 072, ಇವುಗಳಲ್ಲೊಂದರ ಗುರುತು ಇರಲೇಬೇಕು. ಗುರುತಿಲ್ಲದ್ದು ಎಷ್ಟು ಮೆತ್ತಗಿದ್ದರೂ ಆಟದ ಕುರ್ಚಿಗೆ ಸಮ. ಬೆಲೆ ಹೆಚ್ಚಾದ ಮಾತ್ರಕ್ಕೆ ಭದ್ರತೆ ಹೆಚ್ಚೆಂದು ಭಾವಿಸಬೇಡಿರಿ. ಐಸೋಫಿಕ್ಸ್ ಎಂಬ ಕೊಂಡಿಯ ಆಸನವಾದರೆ ನಿಮ್ಮ ಕಾರಿನಲ್ಲಿ ಅದಕ್ಕೆ ತಕ್ಕ ಕಂಬಿ ಉಂಟೋ ಎಂದು ನೋಡಿರಿ. ಬೆಲ್ಟಿನಿಂದ ಕಟ್ಟುವುದಾದರೆ ಬೆಲ್ಟಿನ ಉದ್ದ ಸಾಲುವುದೋ ಎಂದು ನೋಡಿರಿ. ಕೊಳ್ಳುವ ಮುನ್ನ ನಿಮ್ಮದೇ ಕಾರಿನಲ್ಲಿ ಇಟ್ಟುನೋಡುವುದು ಉತ್ತಮ. ಕಾರನ್ನೇ ಹೊಸದಾಗಿ ಕೊಳ್ಳುವವರಿಗೆ, 2023ರ ಅಕ್ಟೋಬರಿನಿಂದ ನಡೆಯುತ್ತಿರುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮಕ್ಕಳ ಭದ್ರತೆಗೆ ಬೇರೆಯಾಗಿಯೇ ಅಂಕಗಳನ್ನು ಕೊಡುತ್ತಾರೆಂಬುದು ತಿಳಿದಿರಲಿ. 18 ತಿಂಗಳ ಮತ್ತು 3 ವರ್ಷದ ಮಗುವಿನ ಅಳತೆಯ ಬೊಂಬೆಗಳನ್ನು ಕೂರಿಸಿ ಆ ಪರೀಕ್ಷೆಯನ್ನು ಮಾಡುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಗಲ್ಫ್ ದೇಶಗಳಿಂದ ಬಂದ ಬಂಧುಗಳು ತಂದುಕೊಟ್ಟ ಆಸನಗಳೂ, ಅಣ್ಣನ ಮಗುವಿನಿಂದ ತಮ್ಮನ ಮಗುವಿಗೆ ಬಂದ ಆಸನಗಳೂ ಅನೇಕ ಮನೆಗಳಲ್ಲಿವೆ. ಅವನ್ನು ಬಳಸಬಹುದು, ಆದರೆ ಪುಸ್ತಕವೂ ಗುರುತಿನ ಚೀಟಿಯೂ ಇರಬೇಕು, ತಯಾರಕರು ಹೇಳಿದ ಕಾಲಾವಧಿ ಮೀರಿರಬಾರದು, ಅಪಘಾತಕ್ಕೆ ಸಿಕ್ಕಿದ ಕಾರಿನಲ್ಲಿದ್ದ ಆಸನವು ಸರ್ವಥಾ ಕೂಡದು. ಹೊರಗೆ ಕಾಣದ ಬಿರುಕು ಒಳಗಿರುವುದುಂಟು.

ಕಟ್ಟುವ ಕ್ರಮವೂ ಮುಖ್ಯ. ಆಸನದ ಸ್ಥಾನವು ಕಾರಿನ ಹಿಂಬದಿಯ ಸೀಟು. ಮುಂದೆ ಏರ್‌ಬ್ಯಾಗು ಇರುವ ಕಡೆ ಹಿಮ್ಮುಖ ಆಸನವನ್ನು ಎಂದಿಗೂ ಇಡಬಾರದು. ಏರ್‌ಬ್ಯಾಗು ಸಿಡಿದುಬ್ಬಿದಾಗ ಅದರ ಹೊಡೆತವು ಆಸನದ ಬೆನ್ನಿನ ಮೂಲಕ ನೇರವಾಗಿ ಮಗುವಿನ ತಲೆಗೆ ತಗಲುವುದು. ಕಟ್ಟಿದ ಆಸನವನ್ನು ಬುಡದಲ್ಲಿ ಹಿಡಿದು ಅಲುಗಾಡಿಸಿದರೆ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ಹಿಮ್ಮುಖದಲ್ಲಿ ಹೆಗಲಪಟ್ಟಿಗಳು ಹೆಗಲಿನ ಮಟ್ಟದಿಂದ ಇಲ್ಲವೆ ಅದಕ್ಕಿಂತ ತುಸು ಕೆಳಗಿನಿಂದ ಬರಬೇಕು. ಮುಮ್ಮುಖದಲ್ಲಿ ಹೆಗಲಿನ ಮಟ್ಟದಿಂದ ಇಲ್ಲವೆ ತುಸು ಮೇಲಿನಿಂದ. ಹೆಗಲಿನ ಮೇಲೆ ಪಟ್ಟಿಯನ್ನು ಬೆರಳುಗಳಿಂದ ಚಿವುಟಿದರೆ ಮಡಿಕೆ ಸಿಕ್ಕಬಾರದು. ದಪ್ಪ ಶಾಲನ್ನು ಪಟ್ಟಿಯ ಒಳಗೆ ಸುತ್ತಬೇಡಿರಿ; ಚಳಿಯಾದರೆ ಪಟ್ಟಿ ಬಿಗಿದ ಮೇಲೆ ಹೊದಿಸಿರಿ. ಹಸುಗೂಸಿನ ಗಲ್ಲವು ಎದೆಗೆ ಒತ್ತಿದರೆ ಉಸಿರಾಟಕ್ಕೆ ತೊಂದರೆ. ಆದುದರಿಂದ ಆಸನವನ್ನು ಪುಸ್ತಕ ಹೇಳಿದಷ್ಟು ಒರಗಿಸಿರಬೇಕು. ಬೇಸಗೆಯಲ್ಲಿ ಬಿಸಿಲಿನಲ್ಲಿ ನಿಂತ ಕಾರಿನ ಕೊಂಡಿಯನ್ನು ಮುಟ್ಟಿನೋಡಿ ಮಗುವನ್ನು ಕೂರಿಸಿರಿ. ಒಂದು ಕ್ಷಣಕ್ಕೆಂದೂ ಮಗುವನ್ನು ಕಾರಿನಲ್ಲಿ ಒಂಟಿಯಾಗಿ ಬಿಟ್ಟು ಇಳಿಯಬೇಡಿರಿ.

ಇನ್ನು ಮನೆಯಲ್ಲಿ ಏಳುವ ಆಕ್ಷೇಪಗಳು. ಕಾಲು ಮಡಚಿ ಕೂರಬೇಕಾಗುವುದಲ್ಲ ಎನ್ನುತ್ತಾರೆ. ಮಕ್ಕಳು ಚಾಪೆಯ ಮೇಲೆ ಆಡುವಾಗಲೂ ಕಾಲು ಮಡಚಿಯೇ ಕೂರುತ್ತಾರೆ. ಅದರಿಂದ ಅವರಿಗೆ ನೋವಿಲ್ಲ. ಹಿಂದಿನಿಂದ ಗಾಡಿ ಬಂದು ಗುದ್ದಿದರೆ ಏನು ಗತಿ ಎನ್ನುತ್ತಾರೆ. ಹಿಂದಿನಿಂದ ಬರುವ ಗಾಡಿ ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಓಡುತ್ತಿರುವುದರಿಂದ ಹೊಡೆತದ ಬಲ ಕಡಿಮೆ. ಎದುರಿನ ಢಿಕ್ಕಿಯೇ ಹೆಚ್ಚು ಘೋರ. ಮಗು ಅಳುತ್ತದೆ ಎನ್ನುತ್ತಾರೆ. ಅಳುವ ಮಗುವನ್ನು ಓಡುವ ಕಾರಿನಲ್ಲಿ ಪಟ್ಟಿ ಬಿಚ್ಚಿ ಎತ್ತಿಕೊಳ್ಳುವ ಬದಲು, ರಸ್ತೆಯ ಬದಿಗೆ ಕಾರನ್ನು ನಿಲ್ಲಿಸಿ, ಹಾಲೂಡಿಸಿ, ಸ್ವಲ್ಪ ಅಡ್ಡಾಡಿಸಿ, ಮತ್ತೆ ಕೂರಿಸಬೇಕು. ಘಾಟಿ ಏರುವುದಕ್ಕೆ ಮೊದಲು ಉಜಿರೆಯಲ್ಲಿ ಕಾಲುಗಂಟೆ ತಂಗಿದರೆ ಯಾವ ಮುಹೂರ್ತವೂ ಮೀರಿಹೋಗದು. ಇಲ್ಲೇ ಪೇಟೆಗೆ ಹೋಗಿಬರುವುದಕ್ಕೆ ಇಷ್ಟೆಲ್ಲ ಯಾಕೆ ಎನ್ನುವವರೂ ಉಂಟು. ಎದುರಿನ ಲಾರಿಗೆ ನಾವು ಪೇಟೆಗೆ ಹೊರಟವರೋ ಬೆಂಗಳೂರಿಗೆ ಹೊರಟವರೋ ತಿಳಿಯದು. ಮೊದಲ ದಿನದಿಂದಲೇ, ಹತ್ತಿರದ ದಾರಿಗೂ ದೂರದ ದಾರಿಗೂ ಒಂದೇ ಕ್ರಮವನ್ನಿಟ್ಟರೆ ಮಗುವಿಗೆ ಅದು ಅಭ್ಯಾಸವಾಗುವುದು.

ಈ ಆಕ್ಷೇಪಗಳನ್ನು ಎತ್ತುವ ಹಿರಿಯರ ಮೇಲೆ ಎಳೆಯ ತಾಯಂದಿರು ಸಿಡುಕಬಾರದೆಂಬುದು ನಮ್ಮ ಬಿನ್ನಹ. ಮಗುವನ್ನು ಮೈಗೆ ಅಪ್ಪಿ ಕಾಪಾಡಿದ ಅನುಭವದಿಂದ ಅವರು ಮಾತನಾಡುತ್ತಾರೆ. ಹಿರಿಯರಲ್ಲಿಯೂ ನಮ್ಮ ಬಿನ್ನಹವೊಂದುಂಟು: ಕತ್ತಿಗೆ ಕೈಯಾಸರೆ ಕೊಡಬೇಕೆಂದು ಕಲಿಸಿದವರು ತಾವೇ, ಆ ಕೈಯ ಕೆಲಸವನ್ನು ಕಾರಿನಲ್ಲಿ ಈ ಆಸನವು ಮಾಡುತ್ತದೆಂದು ತಿಳಿದು, ಸೊಸೆಯೋ ಮಗಳೋ ಪಟ್ಟಿ ಬಿಗಿಯುವಾಗ ಬೇಡವೆನ್ನದೆ ಜೊತೆಗೂಡಬೇಕು.

ಕೊನೆಯದಾಗಿ, ಮನೆಯಲ್ಲಿ ಆಸನವಿದ್ದವರು ಮುಂದಿನ ಪ್ರಯಾಣಕ್ಕೆ ಮೊದಲು ಒಂದು ಕೆಲಸ ಮಾಡಲಿ. ಆಸನದ ಬದಿಯ ಚೀಟಿಯಲ್ಲಿರುವ ಹಿಮ್ಮುಖದ ಮಿತಿಯನ್ನು ಓದಿ, ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಲಿ. ಅಂಗನವಾಡಿಯಲ್ಲಿಯೋ ಚುಚ್ಚುಮದ್ದಿಗೆ ಹೋದಲ್ಲಿಯೋ ಮಗುವನ್ನು ತೂಗಿದಾಗಲೆಲ್ಲ ಆ ತೂಕವನ್ನು ಅದರ ಕೆಳಗೆ ಬರೆಯುತ್ತ ಹೋಗಲಿ. ತಿರುಗಿಸುವ ದಿನ ಯಾವುದೆಂದು ನೆರೆಮನೆಯವರನ್ನು ಕೇಳಬೇಕಾಗಿಲ್ಲ. ಆ ಎರಡು ಅಂಕೆಗಳೇ ಹೇಳುತ್ತವೆ.