ಜೋಡಣೆಯ ಗೆರೆಯನ್ನು ಅಳಿಸಬೇಡಿ

ಲೆಕ್ಕದ ಪುಸ್ತಕದಲ್ಲಿ ತಪ್ಪು ಬಿದ್ದರೆ ಅದನ್ನು ಕೆರೆದು ಅಳಿಸತಕ್ಕದ್ದಲ್ಲ. ಒಂದು ಗೆರೆ ಎಳೆದು, ಸರಿಯಾದ ಅಂಕಿಯನ್ನು ಮೇಲೆ ಬರೆದು, ರುಜು ಹಾಕತಕ್ಕದ್ದು. ತಪ್ಪೂ ಕಾಣಬೇಕು, ತಿದ್ದುಪಡಿಯೂ ಕಾಣಬೇಕು. ವ್ಯಾಪಾರದಲ್ಲಿ ನಾವೆಲ್ಲ ಒಪ್ಪಿರುವ ಈ ನಿಯಮವು ಛಾಯಾಚಿತ್ರಕ್ಕೆ ಮಾತ್ರ ಏಕೆ ಅನ್ವಯಿಸಬಾರದು?

ಹಲವು ಛಾಯಾಚಿತ್ರಗಳನ್ನು ಕೈಯಿಂದ ಜೋಡಿಸಿ ಒಂದು ವಿಶಾಲ ದೃಶ್ಯವನ್ನು ರಚಿಸುವ ಕಲೆ ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯದು. ಕ್ಯಾಮರಾವನ್ನು ಮಟ್ಟವಾಗಿ ನಿಲ್ಲಿಸಿ, ಸ್ವಲ್ಪಸ್ವಲ್ಪವೇ ತಿರುಗಿಸುತ್ತ, ಒಂದು ಚಿತ್ರದ ಅಂಚು ಮುಂದಿನದರಲ್ಲಿಯೂ ಬರುವಂತೆ ತೆಗೆದು, ಪ್ರತಿಗಳನ್ನು ಕತ್ತರಿಸಿ ರಟ್ಟಿನ ಮೇಲೆ ಅಂಟಿಸುತ್ತಾರೆ. ಎಷ್ಟೇ ಜಾಗರೂಕತೆ ವಹಿಸಿದರೂ ಹತ್ತಿರದ ಕಂಬ ಸರಿಯಾಗಿ ಕೂಡದೇ ಹೋಗಬಹುದು; ಆಕಾಶದ ಛಾಯೆ ತುಣುಕಿನಿಂದ ತುಣುಕಿಗೆ ಬದಲಾಗಬಹುದು. ಇದನ್ನು ದೋಷವೆಂದು ಕರೆಯುವವರು ಬಹಳ. ನಾನು ಇದನ್ನು ಸಾಕ್ಷ್ಯವೆಂದು ಕರೆಯುತ್ತೇನೆ.

ಎಡ್ವರ್ಡ್ ಮೈಬ್ರಿಜ್ 1878ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಎತ್ತರದ ಗುಡ್ಡವೊಂದರ ಮೇಲಿನ ಭವನದ ಗೋಪುರದಿಂದ ಸುತ್ತಲಿನ ನಗರವನ್ನು 13 ಚಿತ್ರಗಳಲ್ಲಿ ಸೆರೆಹಿಡಿದನು. ಜೋಡಿಸಿದಾಗ ಅದು ಸುಮಾರು 17 ಅಡಿ ಉದ್ದ. ಅದರ ಏಳನೆಯ ಚಿತ್ರವು ಉಳಿದವುಗಳಿಗಿಂತ ಕೆಲವು ಗಂಟೆ ತಡವಾಗಿ ತೆಗೆದದ್ದು. ನೆರಳುಗಳ ದಿಕ್ಕೇ ಅದನ್ನು ಸಾರುತ್ತದೆ. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಆ ನಗರದ ಬಹುಭಾಗ ನಾಶವಾಯಿತು. ಇಂದು ಆ ಚಿತ್ರವೇ ಹಳೆಯ ನಗರದ ದಾಖಲೆ. ನೆರಳನ್ನೂ ಗೆರೆಯನ್ನೂ ಯಾರಾದರೂ 'ಸುಧಾರಿಸಿ'ದ್ದರೆ, ಬೇರೆ ಬೇರೆ ಗಳಿಗೆಗಳ ನೋಟವನ್ನು ಒಂದೇ ಗಳಿಗೆಯದೆಂದು ನಾವು ನಂಬುತ್ತಿದ್ದೆವು.

ಈಗಿನ ಮೊಬೈಲ್ ಫೋನು ಈ 'ಸುಧಾರಣೆ'ಯನ್ನು ಕ್ಷಣಮಾತ್ರದಲ್ಲಿ ಮಾಡುತ್ತದೆ. ನಡೆದು ಹೋಗುವ ಮನುಷ್ಯ ಎರಡು ಬಾರಿ ಕಾಣಬಹುದು, ಅಥವಾ ಅರ್ಧ ದೇಹವೇ ಮಾಯವಾಗಬಹುದು; ಆದರೆ ಗೆರೆ ಮಾತ್ರ ಕಾಣುವುದಿಲ್ಲ. "ಇದರಿಂದ ಯಾರಿಗೆ ನಷ್ಟ?" ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ ಇದು: ಹೊಲದ ಗಡಿಯ ವಿವಾದದಲ್ಲಿ, ನೆರೆಹಾವಳಿಯ ಪರಿಹಾರದ ಅರ್ಜಿಯಲ್ಲಿ, ಜೀರ್ಣೋದ್ಧಾರಕ್ಕೆ ಮೊದಲಿನ ಗೋಡೆಯ ದಾಖಲೆಯಲ್ಲಿ ಇಂಥ ಚಿತ್ರವನ್ನು ಮುಂದಿಟ್ಟರೆ, ಯಾವುದು ಕಂಡದ್ದು, ಯಾವುದು ಯಂತ್ರ ತುಂಬಿದ್ದು ಎಂದು ಹೇಳುವವರು ಯಾರು?

ಕೈಜೋಡಣೆಯಲ್ಲಿಯೂ ಆಯ್ಕೆ ಇದೆ, ಕತ್ತರಿ ಇದೆ. ಅದು ನಿಷ್ಕಳಂಕವೆಂದು ನಾನು ವಾದಿಸುವುದಿಲ್ಲ. ಆದರೆ ಅಲ್ಲಿ ಕತ್ತರಿ ಆಡಿದ ಜಾಗ ನೋಡುವವನ ಕಣ್ಣಿಗೆ ಬೀಳುತ್ತದೆ, ಅವನು ಪ್ರಶ್ನಿಸಬಲ್ಲನು. ಜೋಡಿಸುವುದು ತಪ್ಪಲ್ಲ, ಜೋಡಿಸಿಲ್ಲವೆಂಬ ಭ್ರಮೆ ಹುಟ್ಟಿಸುವುದು ತಪ್ಪು.

ಆದುದರಿಂದ ಸ್ಮರಣಸಂಚಿಕೆಗಳನ್ನು ಪ್ರಕಟಿಸುವವರಲ್ಲಿ, ಕಟ್ಟಡಗಳ ದಾಖಲೆ ಇಡುವವರಲ್ಲಿ ನನ್ನ ಬಿನ್ನಹವಿಷ್ಟೆ: ಬಿಡಿಚಿತ್ರಗಳನ್ನು ಎಸೆಯದೆ ಕಾಯ್ದಿಡಿ, ಜೋಡಿಸಿದ ಚಿತ್ರದ ಕೆಳಗೆ ಎಷ್ಟು ತುಣುಕುಗಳು, ಯಾವ ದಿನ, ಯಾವ ವೇಳೆ ಎಂದು ಒಂದು ಸಾಲು ಬರೆಯಿರಿ. ಒಂದು ಸಾಲಿನ ಶ್ರಮಕ್ಕೆ ಹಿಂಜರಿಯುವವನು ನಾಳೆ ಲೆಕ್ಕದ ಪುಸ್ತಕವನ್ನೂ ಕೆರೆಯಲು ಹಿಂಜರಿಯನು.