ಅತಿಥಿ ಇಟ್ಟ ಹೆಸರು

ರಜೆ ಬಂತೆಂದರೆ ಮನುಷ್ಯನ ಮನಸ್ಸು ನೀರಿನ ಕಡೆಗೆ ಓಡುತ್ತದೆ. ಒಂದು ಕಾಲಕ್ಕೆ ನಮ್ಮ ಜಿಲ್ಲೆಯವರ ರಜೆಯೆಂದರೆ ಅಜ್ಜಿಯ ಮನೆ, ಹೊಳೆಯ ಬದಿ, ಹೆಚ್ಚೆಂದರೆ ಧರ್ಮಸ್ಥಳ ಸುಬ್ರಹ್ಮಣ್ಯಗಳ ಯಾತ್ರೆ, ಅಷ್ಟರಲ್ಲಿ ಮುಗಿಯುತ್ತಿತ್ತು. ಇಂದು ಅನುಕೂಲವುಳ್ಳವರ ಕಣ್ಣು ಗ್ರೀಸ್ ದೇಶದ ದ್ವೀಪಗಳವರೆಗೆ ಹೋಗಿದೆ. ಬೆಳ್ಳನೆಯ ಮನೆಗಳು, ನೀಲಿಯ ಗುಮ್ಮಟಗಳು, ಕಡಲಿನ ಮೇಲೆ ಚಾಚಿಕೊಂಡಂತೆ ಕಾಣುವ ಈಜುಕೊಳ: ಸಾಂತೊರಿನಿ ದ್ವೀಪದ ಈ ಚಿತ್ರವನ್ನು ನೇತ್ರಾವತಿಯ ದಡದ ಪಾಣೆಮಂಗಳೂರಿನಲ್ಲಿ ಓದುವ ಹುಡುಗನೂ ಬಲ್ಲ. ಹೋಗಬಲ್ಲವರು ಸುಖವಾಗಿ ಹೋಗಿಬರಲಿ. ಅವರ ಸುಖವನ್ನು ಕಂಡು ಕರುಬುವ ಉದ್ದೇಶ ನಮಗಿಲ್ಲ. ಆದರೆ ಇಂತಹ ವಿಲಾಸದ ವಿಹಾರದಲ್ಲಿ ಬಂದವನಿಗೂ ಇದ್ದವನಿಗೂ ನಡುವೆ ಏನಾದರೂ ಮಾತು ಉಂಟೇ ಎಂಬುದೊಂದು ಪ್ರಶ್ನೆ. ನಮ್ಮ ಕರಾವಳಿಯೇ ಅತಿಥಿಗಳನ್ನು ಕೂಗಿ ಕರೆಯುತ್ತಿರುವ ಈ ಹೊತ್ತಿನಲ್ಲಿ ಅದನ್ನು ಕೇಳಿಕೊಳ್ಳುವುದು ಅನುಚಿತವಾಗಲಾರದು.

ಗ್ರೀಕರಿಗೂ ಈ ಕಡಲ ತೀರಕ್ಕೂ ಇರುವ ನಂಟು ಇಂದಿನದಲ್ಲ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಪಪೈರಸ್ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನವಿದ್ದು, ಅದು 1903ರಲ್ಲಿ ಅಚ್ಚಾಗಿ ಹೊರಬಂದಿತು. ಖಾರಿಟಿಯೋನ್ ಎಂಬ ಗ್ರೀಕ್ ತರುಣಿ ಭಾರತದ ಕಡಲ ತೀರದ ಒಂದು ದೇವಾಲಯದಲ್ಲಿ ಸಿಕ್ಕಿಕೊಂಡಿರುತ್ತಾಳೆ. ಅವಳ ಅಣ್ಣನೂ ಸಂಗಡಿಗರೂ ಹಡಗಿನಲ್ಲಿ ಬಂದು, ಅಲ್ಲಿಯ ಅರಸನಿಗೆ ನೀರು ಬೆರೆಸದ ದ್ರಾಕ್ಷಾಮದ್ಯವನ್ನು ಕುಡಿಸಿ, ಅವನ ಮೈಮರೆಸಿ, ಅವಳನ್ನು ಕರೆದೊಯ್ಯುತ್ತಾರೆ. ಆ ಅರಸನೂ ಅವನ ಪರಿವಾರವೂ ಗ್ರೀಕರಿಗೆ ತಿಳಿಯದ ನುಡಿಯೊಂದನ್ನು ಆಡುತ್ತಾರೆ. ಅದು ಕನ್ನಡವೆಂದು ಹುಲ್ಟ್ಸ್ ಎಂಬ ಜರ್ಮನ್ ವಿದ್ವಾಂಸರು 1904ರಲ್ಲಿ ಸೂಚಿಸಿದರು. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಅದನ್ನು ವಿವೇಚಿಸಿದರು, ಬಾರ್ನೆಟ್ಟರಂಥವರು ಒಪ್ಪಲಿಲ್ಲ, ತುಳುವೆಂದು ವಾದಿಸಿದವರೂ ಉಂಟು. ವಾದ ಇನ್ನೂ ಮುಗಿದಿಲ್ಲ.

ಕನ್ನಡವೋ ತುಳುವೋ ಎಂಬ ಚರ್ಚೆಯನ್ನು ವಿದ್ವಾಂಸರಿಗೆ ಬಿಟ್ಟು ನಾವು ಇಲ್ಲಿ ಗಮನಿಸಬೇಕಾದುದು ಮತ್ತೊಂದು. ಆ ಪ್ರಹಸನವನ್ನು ನೋಡುತ್ತಿದ್ದವರಿಗೆ ಈ ತೀರದವರ ಮಾತು ನಗೆಯ ಸರಕಾಗಿತ್ತು. ಅರ್ಥ ಬೇಕಾಗಿರಲಿಲ್ಲ, ಸದ್ದು ಸಾಕಾಗಿತ್ತು. ಕಡಲು, ದೇವಾಲಯ, ಅರಸ, ಎಲ್ಲವೂ ಬಂದವರ ಸಾಹಸಕ್ಕೆ ಹಿಂದೆ ತೂಗುಹಾಕಿದ ಪರದೆ. ಇಂದಿನ ವಿಲಾಸವಿಹಾರದ ಅಪಾಯವೂ ಬಹುಮಟ್ಟಿಗೆ ಇದೇ. ವಿಮಾನದಿಂದಿಳಿದವನನ್ನು ಕಾರು ನೇರವಾಗಿ ರೆಸಾರ್ಟಿಗೆ ಒಯ್ಯುತ್ತದೆ. ಅಲ್ಲಿಯ ಗೋಡೆಯೊಳಗೆ ಊಟ, ಸ್ನಾನ, ಸೂರ್ಯಾಸ್ತ ಎಲ್ಲವೂ ಸಿದ್ಧ. ಊರಿನವರ ಒಂದು ಮಾತನ್ನೂ ಕೇಳದೆ ಏಳು ದಿನ ಕಳೆದು ಮರಳಬಹುದು. ಹಣ ಹೆಚ್ಚು ತೆತ್ತಷ್ಟೂ ಮಾತಿನ ಅಗತ್ಯ ಕಡಿಮೆಯಾಗುತ್ತದೆ.

ಸಾಂತೊರಿನಿಯ ಕಥೆಯನ್ನೇ ನೋಡಿ. ಅದು ಅಗ್ನಿಪರ್ವತವೊಂದು ಸಿಡಿದು ಉಳಿದ ಅಂಚು. ಇಂದು ಅತ್ಯಂತ ದುಬಾರಿಯಾಗಿರುವ ಅಲ್ಲಿಯ ಗುಹಾಕೊಠಡಿಗಳಲ್ಲಿ ಅನೇಕವು ಬಡವರೂ ನಾವಿಕರೂ ಮೆತುವಾದ ಬೂದಿಗಲ್ಲನ್ನು ಕೊರೆದು ಮಾಡಿಕೊಂಡ ಮನೆಗಳು. 1956ರ ಜುಲೈ 9ರಂದು ಭಾರಿ ಭೂಕಂಪವಾಗಿ 50ಕ್ಕಿಂತ ಹೆಚ್ಚು ಜನ ಸತ್ತರು, ಮನೆಗಳು ಬಿದ್ದುವು, ಬಹು ಮಂದಿ ದ್ವೀಪವನ್ನೇ ತೊರೆದರು. ಮುಂದೆ 1970ರ ದಶಕದಲ್ಲಿ ಸರಕಾರದ ಪ್ರವಾಸ ಸಂಸ್ಥೆ ಪಾಳುಬಿದ್ದ ಗುಹೆಮನೆಗಳನ್ನು ಜೀರ್ಣೋದ್ಧಾರ ಮಾಡಿ ಅತಿಥಿಗೃಹಗಳನ್ನಾಗಿಸಿತು. ಬರಿದಾಗುತ್ತಿದ್ದ ಊರಿಗೆ ಅನ್ನ ದೊರೆಯಿತು. ಇದನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಆದರೆ ಅನ್ನ ಕೊಟ್ಟ ಅತಿಥಿಯೇ ಮನೆಯನ್ನು ತುಂಬಿದರೆ ಮನೆಯವನು ಎಲ್ಲಿ ಮಲಗಬೇಕು? ಸುಮಾರು 15 ಸಾವಿರ ಜನರ ಆ ದ್ವೀಪಕ್ಕೆ 2023ರಲ್ಲಿ ಬಂದವರು ಸುಮಾರು 34 ಲಕ್ಷ. ವಿಹಾರದ ಹಡಗುಗಳಿಂದ ಇಳಿಯುವವರು ದಿನಕ್ಕೆ 8,000 ಮೀರಬಾರದೆಂದು 2025ರಲ್ಲಿ ಮಿತಿ ಹಾಕಬೇಕಾಯಿತು. ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದಿಟ್ಟು ಬದುಕುತ್ತಿದ್ದ ಊರು ಈಗ ಕಡಲ ನೀರಿನ ಉಪ್ಪು ತೆಗೆದು ಕೊಳಗಳನ್ನು ತುಂಬಿಸುತ್ತದೆ. ಆ ದ್ವೀಪದ ಶಾಲೆಗಳಿಗೆ ನೇಮಕವಾಗಿ ಬರುವ ಅಧ್ಯಾಪಕರಿಗೆ ಬಾಡಿಗೆಯ ಮನೆ ಸಿಕ್ಕುವುದೇ ದುಸ್ತರವಾಗಿದೆ. ಉಪಾಧ್ಯಾಯರು ನಿಲ್ಲಲಾರದ ಊರಿನಲ್ಲಿ ಮಕ್ಕಳು ಎಷ್ಟು ದಿನ ನಿಂತಾರು? ಮಕ್ಕಳಿಲ್ಲದ ಊರಿನಲ್ಲಿ ಊರಿನ ನುಡಿ ಯಾರ ಬಾಯಲ್ಲಿ ಉಳಿದೀತು?

ಆ ದ್ವೀಪದ ಸ್ವಂತ ಹೆಸರು ಥೀರಾ. ಸಾಂತೊರಿನಿ ಎಂಬುದು ಮಧ್ಯಯುಗದಲ್ಲಿ ವೆನಿಸ್ಸಿನ ಕಡೆಯವರು ಸಂತ ಐರೀನಳ ನೆನಪಿಗೆ ಇಟ್ಟ ಹೆಸರು. ಬಂದವರು ಇಟ್ಟ ಹೆಸರೇ ಲೋಕಕ್ಕೆ ತಿಳಿಯಿತು. ಇದನ್ನು ಓದಿ ಅಯ್ಯೋ ಎನ್ನುವ ಮುನ್ನ ನಮ್ಮ ಮಲ್ಪೆಯ ಕಡೆಗೊಮ್ಮೆ ತಿರುಗೋಣ. ಅಲ್ಲಿಯ ಕಡಲಿನಲ್ಲಿ ಕಂಬ ಕಂಬವಾಗಿ ನಿಂತ ಬಂಡೆಗಳ ದ್ವೀಪಗಳಿವೆ. ಸುಮಾರು 880 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ, ಲಾವಾರಸ ತಣಿದು ಆದ ಕಂಬಗಳಿವು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಮೇರಿಮಾತೆಯ ಹೆಸರನ್ನಿಟ್ಟನೆಂಬುದು ಪ್ರತೀತಿ. ಇಂದು ಎಲ್ಲರಿಗೂ ಅದು ಸೈಂಟ್ ಮೇರೀಸ್ ದ್ವೀಪ. ತೋನ್ಸೆಪಾರ್ ಎಂಬ ಊರಿನ ಹೆಸರನ್ನು ಅಲ್ಲಿಗೆ ವಿಹಾರ ಹೋಗುವವರಲ್ಲಿ ಎಷ್ಟು ಮಂದಿ ಬಲ್ಲರು? ಥೀರಾದ ಗತಿಗೂ ತೋನ್ಸೆಪಾರಿನ ಗತಿಗೂ ಈ ಮಟ್ಟಿಗೆ ಹೆಚ್ಚಿನ ಭೇದವಿಲ್ಲ. ದೂರದ ಪರಕೀಯರನ್ನೇ ದೂರಬೇಕಾಗಿಯೂ ಇಲ್ಲ. ಬಂಟ್ವಾಳಕ್ಕೂ ಪಾಣೆಮಂಗಳೂರಿಗೂ ನಡುವಣ ಪೇಟೆಯನ್ನು ನಾವೇ ‘ಬಿ.ಸಿ.ರೋಡ್’ ಎಂದು ಕರೆದು, ಆ ಎರಡು ಅಕ್ಷರಗಳು ‘ಬಂಟ್ವಾಳ ಕ್ರಾಸ್’ ಎಂಬುದನ್ನೂ ಮರೆತಿದ್ದೇವೆ.

ತೋನ್ಸೆಪಾರಿಗೆ ಇನ್ನೂ ಒಂದು ಪುಣ್ಯವಿದೆ. ಅಲ್ಲಿ ರಾತ್ರಿ ತಂಗುವ ವಸತಿಯಿಲ್ಲ. ಬೆಳಿಗ್ಗೆ ದೋಣಿಯಲ್ಲಿ ಹೋದವರು ಸಂಜೆಗೆ ಮರಳಬೇಕು. ಮಳೆಗಾಲದಲ್ಲಿ ಕಡಲೇ ಬಾಗಿಲು ಹಾಕಿಕೊಳ್ಳುತ್ತದೆ. ದ್ವೀಪಕ್ಕೆ ಹೀಗೆ ವರ್ಷಕ್ಕೊಮ್ಮೆ ಕೆಲವು ತಿಂಗಳ ವಿಶ್ರಾಂತಿ ಸಿಕ್ಕುತ್ತದೆ. ಮನುಷ್ಯನಿಗೆ ರಜೆ ಬೇಕಾದಂತೆ ನೆಲಕ್ಕೂ ರಜೆ ಬೇಕು ಎಂಬುದನ್ನು ಯೋಜನೆ ಹಾಕುವವರು ಮರೆಯದಿರಲಿ. ನೀರಿನ ಲೆಕ್ಕವನ್ನೂ ಮರೆಯದಿರಲಿ. ಸಾಂತೊರಿನಿಗಿಂತ ಎಷ್ಟೋ ಪಟ್ಟು ಹೆಚ್ಚು ಮಳೆ ಬೀಳುವ ಸೀಮೆ ನಮ್ಮದು. ಆದರೂ ಪಾಣೆಮಂಗಳೂರಿನಿಂದ ತುಸು ಕೆಳಗಿನ ತುಂಬೆಯ ಅಣೆಕಟ್ಟಿನಲ್ಲಿ ನೇತ್ರಾವತಿ ಇಳಿದು ಹೋಗಿ, 2016ರ ಮತ್ತು 2019ರ ಬೇಸಗೆಗಳಲ್ಲಿ ಮಂಗಳೂರಿಗೆ ನೀರನ್ನು ಸರದಿಯಂತೆ ಬಿಡಬೇಕಾಯಿತು. ಬೇಸಗೆಯಲ್ಲಿಯೇ ಅತಿಥಿಗಳು ಬರುವರು. ಬೇಸಗೆಯಲ್ಲಿಯೇ ಬಾವಿಯ ತಳ ಕಾಣುವುದು. ಈ ಎರಡನ್ನೂ ಕೂಡಿಸಿ ನೋಡದ ಪ್ರವಾಸೋದ್ಯಮ ಬಹುಕಾಲ ಬಾಳದು.

ಆತಿಥ್ಯ ನಮ್ಮವರಿಗೆ ಹೊಸ ವಿದ್ಯೆಯೇನೂ ಅಲ್ಲ. ಬಿಸಿಲಲ್ಲಿ ಬಂದವರಿಗೆ ‘ಬಾಯಾರಿಕೆ’ ಎಂದು ಬೆಲ್ಲ ನೀರು ಮುಂದಿಟ್ಟು, ಆಮೇಲೆ ಯಾವ ಊರೆಂದು ವಿಚಾರಿಸುವುದು ಈ ಕಡೆಯ ಮನೆಗಳ ಹಳೆಯ ಕ್ರಮ. ಈ ಕರಾವಳಿಯ ಮಕ್ಕಳು ಮುಂಬಯಿ ಮದರಾಸುಗಳಿಗೆ ಹೋಗಿ ಉಡುಪಿ ಹೋಟೆಲುಗಳನ್ನಿಟ್ಟು ಪರರಾಜ್ಯದವರಿಗೆಲ್ಲ ಉಣಬಡಿಸಿದರು. ಅಲ್ಲಿ ಬಡವನೂ ಹತ್ತು ಮಂದಿಯ ನಡುವೆ ಕುಳಿತು ಉಂಡನು. ಗಲ್ಲಾದ ಮುಂದೆ ಎರಡು ಮಾತಾಡಿ ಹೋದನು. ಬೆಲ್ಲ ನೀರಿನೊಡನೆ ಕುಶಲಪ್ರಶ್ನೆಯೂ, ಊಟದೊಡನೆ ಮಾತೂ ಸೇರಿದ್ದರಿಂದ ಅದು ಆತಿಥ್ಯವೆನಿಸಿಕೊಂಡಿತು. ಗ್ರೀಕ್ ಭಾಷೆಯಲ್ಲಿ ಅಪರಿಚಿತನಿಗೂ ಅತಿಥಿಗೂ ‘ಕ್ಸೆನೋಸ್’ ಎಂಬ ಒಂದೇ ಪದವಿರುವುದೂ ಅರ್ಥಪೂರ್ಣವೇ. ಅಪರಿಚಿತನು ಮನೆಗೆ ಬಂದಾಗ ಅತಿಥಿಯಾಗುತ್ತಾನೆ. ಆ ಮಾರ್ಪಾಡಿಗೆ ಸೇತುವೆ ಮಾತು.

ಗ್ರೀಸಿನೊಡನೆ ಹೀಗೆ ಮಾತಿನ ಸೇತುವೆ ಕಟ್ಟಿದವರು ನಮ್ಮಲ್ಲಿ ಇಲ್ಲದಿಲ್ಲ. ಶ್ರೀ ಬಿ. ಎಂ. ಶ್ರೀಕಂಠಯ್ಯನವರು ಸೊಫೋಕ್ಲೀಸನ ನಾಟಕದ ಜಾಡಿನಲ್ಲಿ ‘ಅಶ್ವತ್ಥಾಮನ್’ ಬರೆದರು. ಈಸ್ಕಿಲಸನ ‘ಪಾರಸಿಕರು’ ನಾಟಕವನ್ನು ಕನ್ನಡಕ್ಕೆ ತಂದರು. ದ್ವೀಪದ ಈಜುಕೊಳದ ಬಳಿ ಏಳು ದಿನ ಮಲಗಿ ಬಂದವನಿಗಿಂತ ಈ ಎರಡು ಪುಸ್ತಕಗಳನ್ನು ಮನಸ್ಸಿಟ್ಟು ಓದಿದ ವಿದ್ಯಾರ್ಥಿ ಗ್ರೀಸಿಗೆ ಹತ್ತಿರದವನೆಂದರೆ ಅತಿಶಯೋಕ್ತಿಯಾಗದು.

ಆದುದರಿಂದ ನಮ್ಮ ಕೋರಿಕೆ ಎರಡು. ಹೊರಡುವವರು ಹೋದ ಊರಿನ ಸ್ವಂತ ಹೆಸರನ್ನು ಊರಿನವರ ಬಾಯಿಂದಲೇ ಕೇಳಿ ತಿಳಿಯಲಿ; ನಾಲ್ಕು ಮಾತನ್ನಾದರೂ ಕಲಿತು ಬರಲಿ. ಕರೆಯುವವರು ತಮ್ಮ ನೀರನ್ನೂ ಹೆಸರನ್ನೂ ಮಾರದೆ ಕರೆಯಲಿ. ಒಂದೇ ಪಟ್ಟಣ ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ, ಕನ್ನಡದಲ್ಲಿ ಮಂಗಳೂರು ಆಗಿರುವ ಸೀಮೆ ಇದು. ಇಲ್ಲಿಯ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಂದ ಈ ಬೇಸಗೆಯ ರಜೆಯಲ್ಲಿ ಒಂದು ಕೆಲಸ ಮಾಡಿಸಬಹುದು: ತಮ್ಮ ತಮ್ಮ ಊರಿನ ಗುಡ್ಡ, ಕೆರೆ, ಕಡವು, ಕುದುರುಗಳ ಹೆಸರುಗಳನ್ನು ಹಿರಿಯರಲ್ಲಿ ಕೇಳಿ ಬರೆದಿಡಿಸುವುದು. ಅತಿಥಿಗಳು ಬರುವುದು ಖಂಡಿತ. ಬಂದವರು ‘ಇದು ಯಾವ ಊರು?’ ಎಂದು ಕೇಳಿದಾಗ ಉತ್ತರ ಹೇಳಬೇಕಾದವರು ನಮ್ಮ ಮಕ್ಕಳೇ.