ಮೊದಲ ಗಂಟೆ ಕಳೆಯುವುದು ಮನೆಯಲ್ಲೇ

2025ರ ಜುಲೈ ಆರಂಭದಲ್ಲಿ ಬೆಂಗಳೂರು ಮತ್ತು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಿಗ್ಗೆಯೇ ಉದ್ದನೆಯ ಸಾಲು. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಟಿ.ವಿ.ಗಳಲ್ಲಿ ದಿನವಿಡೀ ಓಡುತ್ತಿತ್ತು. ಸಾಲಿನಲ್ಲಿ ನಿಂತಿದ್ದ ಅನೇಕರಿಗೆ ಎದೆನೋವಿರಲಿಲ್ಲ, ಎದೆಗುದಿ ಇತ್ತು. 24 ಸಾವುಗಳನ್ನು ಪರಿಶೀಲಿಸಿದ ತಜ್ಞರ ಸಮಿತಿಯು ಅವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ, ಜಿಲ್ಲೆಯಲ್ಲಿ ಅಸಹಜ ಏರಿಕೆಯೂ ಕಂಡಿಲ್ಲ ಎಂದಿತು. ಸಾಲು ಕರಗಿತು.

ಆದರೆ ಆ ಸಾಲು ನಮ್ಮದೊಂದು ವಿಚಿತ್ರ ಸ್ವಭಾವವನ್ನು ತೋರಿಸಿಕೊಟ್ಟಿದೆ. ನೋವಿಲ್ಲದಾಗ ಜಯದೇವಕ್ಕೆ ಓಡುವ ನಾವೇ, ನಡುರಾತ್ರಿ ನಿಜಕ್ಕೂ ಎದೆ ಹಿಂಡಿದಾಗ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಜೀರಿಗೆ ಕಷಾಯ ಕುಡಿದು, ಬೆಳಗಾಗಲಿ ನೋಡೋಣ ಎಂದು ಮಲಗುತ್ತೇವೆ.

ಆ ರಾತ್ರಿ ಒಳಗೆ ನಡೆಯುವುದೇನು? ದೇಹಕ್ಕೆಲ್ಲ ರಕ್ತ ಹರಿಸುವ ಹೃದಯಕ್ಕೂ ರಕ್ತ ಬೇಕು. ಅದನ್ನು ಕೊಡುವುದು ಅದರ ಮೈಮೇಲೆ ಹಬ್ಬಿರುವ ಕೊರೊನರಿ ನಾಳಗಳು. ಇವುಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಸೇರುತ್ತದೆ. ಬೀಡಿ-ಸಿಗರೇಟು, ಸಕ್ಕರೆ ಕಾಯಿಲೆ, ಬಿ.ಪಿ. ಇದ್ದರೆ ಇನ್ನೂ ಬೇಗ. ಒಂದು ದಿನ ಆ ಕೊಬ್ಬಿನ ಮೇಲಿನ ಪೊರೆ ಬಿರಿಯುತ್ತದೆ. ಅಲ್ಲಿ ಗಾಯವಾಗಿದೆಯೆಂದು ರಕ್ತ ಹೆಪ್ಪುಗಟ್ಟುತ್ತದೆ. ಬೆರಳು ಕೊಯ್ದುಕೊಂಡಾಗ ನಮ್ಮನ್ನು ಕಾಯುವ ಗುಣವೇ ಇಲ್ಲಿ ನಾಳವನ್ನು ಮುಚ್ಚಿಬಿಡುತ್ತದೆ. ಬಿರಿಯುವುದು ದೊಡ್ಡ ಬ್ಲಾಕೇ ಆಗಬೇಕೆಂದಿಲ್ಲ. ರಕ್ತದ ಹರಿವಿಗೆ ಅಷ್ಟೇನೂ ಅಡ್ಡಿ ಮಾಡದ ಸಣ್ಣದೂ ಬಿರಿಯಬಹುದು. ಹಾಗಾಗಿ ನಿನ್ನೆ ತೆಗೆಸಿದ ಇಸಿಜಿ ಸರಿಯಿತ್ತೆಂಬುದು ನಾಳೆಗೆ ಭರವಸೆಯಲ್ಲ.

ನಾಳ ಮುಚ್ಚಿದ ಕ್ಷಣಕ್ಕೇ ಸ್ನಾಯು ಸಾಯುವುದಿಲ್ಲ. ಸುಮಾರು ಅರ್ಧ ಗಂಟೆಯ ನಂತರ ಸಾಯಲು ಶುರುವಾಗಿ, ತಾಸು ಕಳೆದಂತೆ ಹಬ್ಬುತ್ತ ಹೋಗುತ್ತದೆ. ಒಮ್ಮೆ ಸತ್ತ ಹೃದಯ ಸ್ನಾಯು ಮತ್ತೆ ಚಿಗುರುವುದಿಲ್ಲ. ಚಿಕಿತ್ಸೆಯೆಲ್ಲವೂ ಈ ಗಡುವಿನೊಳಗೆ ನಾಳವನ್ನು ತೆರೆಯುವ ಪ್ರಯತ್ನ.

ದಾರಿ ಎರಡಿವೆ. ಮೊದಲನೆಯದು ಆಂಜಿಯೊಪ್ಲಾಸ್ಟಿ. 1977ರಲ್ಲಿ ಜ್ಯೂರಿಚ್‌ನಲ್ಲಿ ಆಂಡ್ರಿಯಾಸ್ ಗ್ರುನ್‌ಜಿಗ್ ಎಂಬ ವೈದ್ಯ ಬಲೂನ್ ತೂರಿಸಿ ಕೊರೊನರಿ ನಾಳವನ್ನು ಹಿಗ್ಗಿಸಿದ. ಈಗ ಜೊತೆಗೆ ಸ್ಟೆಂಟ್ ಕೂರಿಸುತ್ತಾರೆ. ಆಸ್ಪತ್ರೆಯ ಬಾಗಿಲು ದಾಟಿದ 90 ನಿಮಿಷದೊಳಗೆ ಇದು ಆಗಬೇಕು. ಆದರೆ ಆ ಬಾಗಿಲು ತಲುಪುವುದೇ ಕಷ್ಟ: ಮಲೆ ಮಹದೇಶ್ವರ ಬೆಟ್ಟದಿಂದ ಮೈಸೂರಿಗೆ ಘಾಟಿ ಇಳಿದು ಬರಲು ಮೂರು ಗಂಟೆ ಬೇಕು. ಇಂಥ ಊರಿನವರಿಗೆ ಎರಡನೆಯ ದಾರಿಯೇ ಮೊದಲಾಗಬೇಕು: ಹೆಪ್ಪನ್ನು ಕರಗಿಸುವ ಚುಚ್ಚುಮದ್ದು.

ಇದು ಬಡವರ ಪಾಲಿನ ಅರೆಬರೆ ಚಿಕಿತ್ಸೆಯಲ್ಲ. 1988ರಲ್ಲಿ ಪ್ರಕಟವಾದ, 17 ಸಾವಿರ ರೋಗಿಗಳ ಐಸಿಸ್-2 ಅಧ್ಯಯನದಲ್ಲಿ ಆಸ್ಪಿರಿನ್ ಮಾತ್ರೆ ಮತ್ತು ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಎರಡೂ ಸಿಕ್ಕವರಲ್ಲಿ ಮೊದಲ ಐದು ವಾರಗಳ ಸಾವು, ಎರಡೂ ಸಿಗದವರಿಗಿಂತ ಶೇ 42ರಷ್ಟು ಕಡಿಮೆಯಾಯಿತು. ಈಗಿನ ಟೆನೆಕ್ಟಿಪ್ಲೇಸ್ ಇನ್ನೂ ಸುಲಭ. ಡ್ರಿಪ್ ಬೇಡ, ಒಂದೇ ಬಾರಿಗೆ ಕೊಟ್ಟು ಮುಗಿಸಬಹುದು. ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ರಾಜ್ಯ ಸರ್ಕಾರ ಇದನ್ನು ತಾಲ್ಲೂಕು ಆಸ್ಪತ್ರೆಗಳವರೆಗೆ ಉಚಿತವಾಗಿ ತಂದಿದೆ. ಅಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುತ್ತಾರೆ. ಚುಚ್ಚುಮದ್ದು ಬಿದ್ದ ಮೇಲೆ 24 ಗಂಟೆಯೊಳಗೆ ಆಂಜಿಯೊಗ್ರಾಂಗೆ ದೊಡ್ಡಾಸ್ಪತ್ರೆಗೆ ಕಳಿಸಬಹುದು.

ಇಷ್ಟಿದ್ದೂ ಎಡವುವುದು ಎಲ್ಲಿ? ಒಂದು, ಮನೆಯಲ್ಲಿ. ಮಹಿಳೆಯರಿಗೆ ಮತ್ತು ಮಧುಮೇಹಿಗಳಿಗೆ ಎದೆನೋವಿನ ಬದಲು ಬರೀ ಸುಸ್ತು, ಉಬ್ಬಸ, ವಾಂತಿ, ದವಡೆ ನೋವು ಕಾಣಿಸಿಕೊಳ್ಳಬಹುದು. ‘ಅಮ್ಮನಿಗೆ ಕೆಲಸ ಜಾಸ್ತಿಯಾಗಿ ಸುಸ್ತು’ ಎಂದು ಮನೆಯವರೇ ತೀರ್ಮಾನಿಸುತ್ತಾರೆ. ಇನ್ನೊಂದು, ತಾಲ್ಲೂಕು ಆಸ್ಪತ್ರೆಯ ಬಾಗಿಲಲ್ಲಿ. ‘ಇಲ್ಲಿ ಏನಿದೆ, ಬರೆದುಕೊಡಿ, ಬೆಂಗಳೂರಿಗೆ ಹೋಗುತ್ತೇವೆ’ ಎನ್ನುವ ಬಂಧುಗಳು ಒಂದು ಕಡೆ. ರಕ್ತಸ್ರಾವವಾದರೆ ಮೈಮೇಲೆ ಬಂದಾರೆಂಬ ರಾತ್ರಿ ಪಾಳಿಯ ವೈದ್ಯರ ಅಂಜಿಕೆ ಇನ್ನೊಂದು ಕಡೆ. ಈಚೆಗೆ ಪಾರ್ಶ್ವವಾಯು ಆದವರಿಗೆ, ಶಸ್ತ್ರಚಿಕಿತ್ಸೆ ಆದವರಿಗೆ ಈ ಮದ್ದು ಅಪಾಯ ತರಬಹುದು, ನಿಜ. ಅದನ್ನು ಕೇಳಿ ತಿಳಿಯಲು ನಾಲ್ಕು ನಿಮಿಷ ಸಾಕು. ಕೇಳದೆ ಬರೆದುಕೊಟ್ಟ ರೆಫರಲ್ ಚೀಟಿಗೆ ರೋಗಿ ತೆರುವ ಬೆಲೆ ಆಂಬುಲೆನ್ಸಿನ ಮೂರು ಗಂಟೆ.

ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳ ಮಾಹಿತಿಯನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಹಾಸನದ ಗದ್ದಲದ ನಂತರ ಸರ್ಕಾರ ಹೇಳಿತು. ಒಳ್ಳೆಯದೇ. ಸತ್ತವರ ಲೆಕ್ಕದ ಜೊತೆಗೆ ತಡವಾದ ನಿಮಿಷಗಳ ಲೆಕ್ಕವೂ ಸಿಗಲಿ. ಬಂದ 10 ನಿಮಿಷದೊಳಗೆ ಇಸಿಜಿ ಆಯಿತೇ, ಅರ್ಧ ಗಂಟೆಯೊಳಗೆ ಚುಚ್ಚುಮದ್ದು ಬಿತ್ತೇ, ದಾಸ್ತಾನು ಇತ್ತೇ ಎಂಬುದನ್ನು ಪ್ರತಿ ತಾಲ್ಲೂಕು ಆಸ್ಪತ್ರೆಯೂ ತಿಂಗಳಿಗೊಮ್ಮೆ ಫಲಕದಲ್ಲಿ ಹಾಕಲಿ. ಮಾರ್ಗಸೂಚಿಯಂತೆ ಮದ್ದು ಕೊಟ್ಟ ವೈದ್ಯರ ಬೆನ್ನಿಗೆ ಇಲಾಖೆ ನಿಲ್ಲಲಿ. ಬರೀ ಭಾಷಣದಿಂದ ಅವರ ಅಂಜಿಕೆ ಹೋಗದು.

ನಮ್ಮ ಪಾಲಿನ ಕೆಲಸ ಚಿಕ್ಕದು. ಎದೆ, ಭುಜ, ದವಡೆಯ ನೋವು ಹದಿನೈದು ನಿಮಿಷ ಮೀರಿದರೆ, ಬೆವರೊಡೆದರೆ 108ಕ್ಕೆ ಫೋನ್ ಮಾಡುವುದು. ಬೈಕಿನ ಹಿಂದೆ ಕೂರದಿರುವುದು. ಮೊದಲ ಇಸಿಜಿ ಸರಿಯಿದ್ದು ನೋವು ನಿಲ್ಲದಿದ್ದರೆ ಇನ್ನೊಮ್ಮೆ ತೆಗೆಯಿರಿ ಎಂದು ಕೇಳುವುದು. ಅಡುಗೆಮನೆ ಗೋಡೆಯ ಮೇಲೆ ಸಿಲಿಂಡರ್ ಬುಕ್ ಮಾಡುವ ನಂಬರ್ ಬರೆದಿಟ್ಟಿರುತ್ತೇವಲ್ಲ, ಅದರ ಕೆಳಗೆ ರಾತ್ರಿ ಎರಡಕ್ಕೂ ಇಸಿಜಿ ತೆಗೆದು ಈ ಚುಚ್ಚುಮದ್ದು ಕೊಡುವ ಹತ್ತಿರದ ಆಸ್ಪತ್ರೆ ಯಾವುದೆಂದು ವಿಚಾರಿಸಿ ಬರೆದಿಡೋಣ. ‘ಗ್ಯಾಸ್ಟ್ರಿಕ್ ಹೌದೋ ಅಲ್ಲವೋ’ ಎಂಬುದನ್ನು ಅಲ್ಲಿಯವರು ಹೇಳಲಿ.